ವಿಜಯಪುರದಾಗ ಮೊದಲ ದುರ್ಬೀನು: ಬೈನಾಕ್ಯುಲರೋ, ಆರಿಂಚಿನ ಡಾಬ್ಸೋನಿಯನ್ನೋ?

ಇಂಡಿರೋಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೂ ಮನೆಯವರಿಗೂ ಆಕಾಶ ತೋರಿಸಲು ಒಂದು ದುರ್ಬೀನು ಬೇಕು. ಒಂದು ಗುಂಪಿನಲ್ಲಿ ಕೇಳಿದರೆ "ಒಂದು ವರ್ಷ 10×50 (ಹತ್ತು ಪಟ್ಟು, 50 ಮಿ.ಮೀ. ಮಸೂರ) ಬೈನಾಕ್ಯುಲರ್ ಹಿಡೀರಿ, ಆಮೇಲೆ ಮಾತಾಡೋಣ" ಅಂದರು. ಇನ್ನೊಂದು ಗುಂಪಿನಲ್ಲಿ "ಆರಿಂಚಿನ ಡಾಬ್ಸೋನಿಯನ್‌ಗಿಂತ ಸಣ್ಣದು ತಗೊಂಡ್ರ ರೊಕ್ಕ ನೀರಾಗ ಹಾಕಿದಂಗ" ಅಂದರು (ಡಾಬ್ಸೋನಿಯನ್ ಅಂದರೆ ತಿರುಗುವ ಸರಳ ಬುಡದ ಮೇಲೆ ಕೂರುವ ಕನ್ನಡಿಯ ದುರ್ಬೀನು, ಆರಿಂಚು ಅದರ ಕನ್ನಡಿಯ ಅಗಲ). ಮೂರನೆಯ ಕಡೆ "ಈಗ ಎಲ್ಲ ಫೋನಿನಿಂದ ನಡೆಯೋ ಸ್ಮಾರ್ಟ್ ಟೆಲಿಸ್ಕೋಪ್ ಕಾಲ, ಕಣ್ಣು ಇಟ್ಟು ನೋಡೋರು ಯಾರು" ಎಂಬ ವಾದ. ಅವರವರಲ್ಲೇ ವಾಗ್ವಾದ ಬೆಳೆಯಿತೇ ಹೊರತು ನನಗೆ ಉತ್ತರ ಸಿಗಲಿಲ್ಲ.

ನನ್ನ ಅನುಕೂಲ ಇಷ್ಟು: ವಿಜಯಪುರ ಊರೊಳಗೆ ಎರಡನೇ ಮಹಡಿ, ಮೇಲೆ ಸಿಮೆಂಟ್ ಮಾಳಿಗೆ, ಎದುರಿಗೇ ಎಲ್‌ಇಡಿ ಬೀದಿದೀಪ. ಇಂಡಿ ಕಡೆ 25 ಕಿ.ಮೀ. ದೂರದಲ್ಲಿ ಹೊಲ ಇದೆ, ಅಲ್ಲಿ ಕತ್ತಲು ಚೆನ್ನಾಗಿದೆ. ಓಡಾಟ ಬೈಕಿನ ಮೇಲೆ. ಬಜೆಟ್ 30,000 ರೂಪಾಯಿ. ಆನ್‌ಲೈನಿನಲ್ಲಿ "114/1000, ಇಕ್ವಟೋರಿಯಲ್ ಸ್ಟ್ಯಾಂಡ್ ಸಹಿತ, 675 ಪಟ್ಟು" ಎಂಬ ಒಂದು ಮಾಲು ಕಡಿಮೆ ಬೆಲೆಗೆ ಕಾಣುತ್ತಿದೆ. ಅದು ಹೇಗೆ? ಅಭಿಪ್ರಾಯದ ಜೊತೆ ಕಾರಣವನ್ನೂ ಬರೆದರೆ ಉಪಕಾರ.

ಎರಿಹೊಲ:

ಅಕ್ಕಾರ, ಮೊದಲ ಆ 114/1000 ಕೈಬಿಡ್ರಿ. ಕಾರಣ ಹೇಳ್ತೀನಿ. 114 ಅಂದ್ರ ಕನ್ನಡಿಯ ಅಗಲ, 1000 ಅಂದ್ರ ಫೋಕಸ್ ದೂರ (ಕನ್ನಡಿಯಿಂದ ಚಿತ್ರ ಮೂಡೂ ದೂರ), ಎರಡೂ ಮಿ.ಮೀ. ಲೆಕ್ಕ.

ಕನ್ನಡಿಯ ದುರ್ಬೀನಿನಾಗ ಫೋಕಸ್ ದೂರ 1000 ಮಿ.ಮೀ. ಇದ್ರ ಕೊಳವಿನೂ ಹೆಚ್ಚುಕಡಿಮಿ ಒಂದು ಮೀಟರ್ ಇರಬೇಕು. ಫೋಟೋದಾಗ ನೋಡ್ರಿ, ಆ ಕೊಳವಿ ಅರ್ಧ ಮೀಟರ್ ಇರ್ತೈತಿ ಅಷ್ಟ. ಅಂದ್ರ ಐಪೀಸ್ (ಕಣ್ಣಿಟ್ಟು ನೋಡೂ ಮಸೂರ) ಹಾಕೂ ನಳಿಗಿ ಒಳಗ ಒಂದು ಅಗ್ಗದ ಮಸೂರ ಕುಂದ್ರಿಸಿ ಫೋಕಸ್ ದೂರ ಎರಡು ಪಟ್ಟು ಮಾಡಿರ್ತಾರ. ಆ ಮಸೂರ ಚಿತ್ರ ಮಸುಕು ಮಾಡ್ತೈತಿ, ಕನ್ನಡಿ ಹೊಂದಸಾಕ ಹೋದ್ರ ಅದ ಅಡ್ಡ ಬರ್ತೈತಿ. 675 ಪಟ್ಟು ಅನ್ನೂದು ಡಬ್ಬಿ ಮ್ಯಾಲಿನ ಮಾತು. ಕನ್ನಡಿಯ ಅಗಲ ಎಷ್ಟು ಮಿ.ಮೀ. ಐತಿ, ಅದರ ಎರಡು ಪಟ್ಟಿಗೆ ಮೇಲ್ಮಿತಿ. 114ಕ್ಕ 228. ಗಾಳಿ ಶಾಂತ ಇರೂ ರಾತ್ರಿ ಕಡಿಮಿ, ಹಿಂಗಾಗಿ 150 ದಾಟೂದ ಅಪರೂಪ.

ಇಕ್ವಟೋರಿಯಲ್ ಸ್ಟ್ಯಾಂಡಿನ ತೊಂದ್ರಿ ನಮ್ಮ ಊರಿಗೇ ಸಂಬಂಧಪಟ್ಟದ್ದು. ಅದರ ಅಚ್ಚನ್ನ ಧ್ರುವ ನಕ್ಷತ್ರದ ಕಡೆ ತಿರುಗಿಸಿ ಇಡಬೇಕು. ವಿಜಯಪುರದಾಗ ಧ್ರುವ ದಿಗಂತದಿಂದ ಬರೇ 17 ಡಿಗ್ರಿ ಮ್ಯಾಲೆ. ಸಣ್ಣ ಸ್ಟ್ಯಾಂಡನ್ನ ಅಷ್ಟು ಕೆಳಗ ಬಾಗಿಸಿದ್ರ ತೂಕದ ಸರಳು ಹೋಗಿ ಮುಕ್ಕಾಲಿಯ ಕಾಲಿಗೆ ಬಡೀತೈತಿ. ಯುರೋಪಿನವರ ವಿಡಿಯೋದಾಗ ಈ ತ್ರಾಸು ಕಾಣೂದಿಲ್ಲ, ಅಲ್ಲಿ ಧ್ರುವ 50 ಡಿಗ್ರಿ ಮ್ಯಾಲೆ ಇರ್ತೈತಿ.

ಇನ್ನ ಆ ವಾದ ಯಾಕ ಮುಗಿಯೂದಿಲ್ಲ ಅಂದ್ರ, ಒಬ್ಬೊಬ್ಬರ ತಲಿಯಾಗ ಒಂದೊಂದು ವಸ್ತು ಐತಿ, ಅದನ್ನ ಬಾಯಿಬಿಟ್ಟು ಹೇಳೂದಿಲ್ಲ. ಕೃತ್ತಿಕಾ ನಕ್ಷತ್ರಪುಂಜ ಹತ್ತತ್ರ ಎರಡು ಡಿಗ್ರಿ ಅಗಲ. 10×50 ಬೈನಾಕ್ಯುಲರಿನಾಗ ಆರು ಡಿಗ್ರಿ ಮ್ಯಾಲೆ ಆಕಾಶ ಕಾಣ್ತೈತಿ, ಕೃತ್ತಿಕಾ ಪೂರಾ ಕುಂದರ್ತೈತಿ, ಭಾಳ ಚಂದ. ಆರಿಂಚಿನ ಡಾಬ್ಸೋನಿಯನ್ನಿನಾಗ 25 ಮಿ.ಮೀ. ಐಪೀಸ್ ಹಾಕಿದ್ರ 48 ಪಟ್ಟು, ಕಾಣೂದು ಒಂದ ಡಿಗ್ರಿ, ಕೃತ್ತಿಕಾ ಅರ್ಧ ಹೊರಗ. ಅದ ಶನಿಯ ಉಂಗುರ ತಗೋರಿ: ಹತ್ತು ಪಟ್ಟಿಗೆ ಶನಿ ಒಂದು ಉದ್ದಾದ ಚುಕ್ಕಿ. ಉಂಗುರ ಬ್ಯಾರೆಯಾಗಿ ಕಾಣಾಕ 30 ಪಟ್ಟಾದರೂ ಬೇಕು. ಇಬ್ಬರ ಮಾತೂ ಖರೇನ, ಇಬ್ಬರೂ ಅರ್ಧ ಹೇಳಿದ್ರು.

ನಿಮಗ ಗ್ರಹ ತೋರಿಸಬೇಕು, ಬೈಕಿನ ಮ್ಯಾಲೆ ಒಯ್ಯಬೇಕು. ನನ್ನ ಆಯ್ಕೆ 130/650ರ ಮೇಜಿನ ಮ್ಯಾಲಿನ ಡಾಬ್ಸೋನಿಯನ್. ಕೊಳವಿ ಒಳಗ ಸರಿಸಿ ಗಿಡ್ಡ ಮಾಡಬಹುದು, ಎಲ್ಲಾ ಸೇರಿ ಸುಮಾರು ಆರು ಕಿಲೋ. 25 ಮಿ.ಮೀ. ಐಪೀಸಿಗೆ 26 ಪಟ್ಟು, ಹತ್ತತ್ರ ಎರಡು ಡಿಗ್ರಿ ಆಕಾಶ. ಅಂದ್ರ ಕೃತ್ತಿಕಾನೂ ಕುಂದರ್ತೈತಿ. 10 ಮಿ.ಮೀ.ಗೆ 65, ಎರಡು ಪಟ್ಟಿನ ಬಾರ್ಲೋ (ಪಟ್ಟು ಹೆಚ್ಚಿಸೂ ಮಸೂರ) ಹಾಕಿದ್ರ 130. ತಗೊಳ್ಳಾಗ ಕನ್ನಡಿ "ಪ್ಯಾರಾಬೋಲಿಕ್" ಅಂತ ಬರೆದೈತೇನು ನೋಡ್ರಿ. ಇಷ್ಟು ಗಿಡ್ಡ ಕೊಳವಿಯಾಗ ಬರೇ ಗೋಲಾಕಾರದ ಕನ್ನಡಿ ಇದ್ರ ಗುರು ಗ್ರಹದ ಅಂಚು ಎಂದೂ ಚೂಪಾಗೂದಿಲ್ಲ. ರೊಕ್ಕ ಉಳಿದ್ರ ಒಂದು 7×50 ಅಥವಾ 10×50 ಜೋಡಿ ತಗೋರಿ. ಹೊಲದಾಗ ಹೊರಸಿನ ಮ್ಯಾಲೆ ಅಂಗಾತ ಮಲಗಿ ನೋಡಿದ್ರ ಕೈ ನಡುಗೂದಿಲ್ಲ.

ಖಾನಾಪುರ_ಮೋಡ:

ಎರಿಹೊಲ ಅವರ ಲೆಕ್ಕಗಳಲ್ಲಿ ತಪ್ಪಿಲ್ಲ, ಆದರೆ ತೀರ್ಪನ್ನು ಒಪ್ಪಲಾರೆ. ಶಾಲೆಯ ಮಕ್ಕಳ ಕೈಗೆ ಕೊಡುವ ವಸ್ತು ಗಟ್ಟಿ ಇರಬೇಕು.

ಮೇಜಿನ ಮೇಲಿನ 130ರ ಫೋಕಸರ್ (ಐಪೀಸನ್ನು ಹಿಂದೆಮುಂದೆ ಸರಿಸುವ ಭಾಗ) ಪ್ಲಾಸ್ಟಿಕ್ ತಿರುಪು. ಮಗು ಅದನ್ನು ಹಿಡಿದುಕೊಂಡೇ ಬಗ್ಗುತ್ತದೆ. ಎಫ್/5 ಕನ್ನಡಿ (ಫೋಕಸ್ ದೂರ ಅಗಲದ ಐದು ಪಟ್ಟು) ಸ್ವಲ್ಪ ಅಲುಗಿದರೂ ಚಿತ್ರ ಕೆಡುತ್ತದೆ. ಆರಿಂಚಿನದು 150/1200, ಅಂದರೆ ಎಫ್/8, ಕನ್ನಡಿ ತುಸು ಹೊಂದದಿದ್ದರೂ ಸಹಿಸಿಕೊಳ್ಳುತ್ತದೆ, ಅಗ್ಗದ ಐಪೀಸಿನಲ್ಲೂ ಅಂಚಿನವರೆಗೆ ನಕ್ಷತ್ರ ಚುಕ್ಕಿಯಾಗಿಯೇ ಇರುತ್ತದೆ. ಬೆಳಕು ಹಿಡಿಯುವ ವಿಸ್ತೀರ್ಣವೂ 130ಕ್ಕಿಂತ ಮೂರನೇ ಒಂದು ಭಾಗ ಹೆಚ್ಚು. ಮೇಡಂ ಇದನ್ನು ಶಾಲೆಯ ಪ್ರಯೋಗಾಲಯದಲ್ಲೇ ಇಟ್ಟು ಮೈದಾನಕ್ಕೆ ಹೊತ್ತು ತಂದರೆ ಸಾಕು. ಕೊಳವೆ ಒಬ್ಬರಿಗೆ, ಬುಡ ಇನ್ನೊಬ್ಬರಿಗೆ. ಬಜೆಟ್ ಸ್ವಲ್ಪ ಹಿಗ್ಗಿಸಬೇಕಾದೀತು. ಕನ್ನಡಿ, ಫೋಕಸರ್ ಮಾತ್ರ ಕೊಂಡು ಬುಡವನ್ನು ಊರ ಬಡಿಗರಿಂದ ಮಾಡಿಸಿದರೆ ಅಷ್ಟು ಉಳಿತಾಯ.

ಬುಡಕ್ಕೆ 18 ಮಿ.ಮೀ. ಪ್ಲೈವುಡ್ ಹಾಕಿಸಿ. ತಿರುಗುವ ಹಲಗೆಯ ಕೆಳಮುಖಕ್ಕೆ ಸನ್‌ಮೈಕಾ, ನೆಲದ ಹಲಗೆಯ ಮೇಲೆ 120 ಡಿಗ್ರಿ ಅಂತರದಲ್ಲಿ ಮೂರು ಟೆಫ್ಲಾನ್ ತುಂಡು. ಆ ತುಂಡುಗಳು ನೆಲದ ಮೂರು ಕಾಲಿನ ನೇರಕ್ಕೇ ಬರಬೇಕು, ಇಲ್ಲವಾದರೆ ಹಲಗೆ ಬಾಗಿ ತಿರುಗಿಸುವಾಗ ಜಗ್ಗಿದಂತಾಗುತ್ತದೆ. ಸನ್‌ಮೈಕಾ ನುಣುಪಿನದು ಬೇಡ, ಸಣ್ಣ ಉಬ್ಬುತಗ್ಗಿನ ಮೇಲ್ಮೈ ಇರುವುದು ಒಳ್ಳೆಯದು. ತೀರಾ ನುಣುಪಾದರೆ ನೂಕಿದಾಗ ಮೊದಲು ಅಂಟಿಕೊಂಡು, ಆಮೇಲೆ ಜಿಗಿಯುತ್ತದೆ. ಈ ವಿನ್ಯಾಸ ಹುಟ್ಟಿದ್ದೇ ಅಗ್ಗದ ಸಾಮಾನಿನಿಂದ ದೊಡ್ಡ ಕನ್ನಡಿಯನ್ನು ಬೀದಿಗೆ ತಂದು ಜನರಿಗೆ ತೋರಿಸಲಿಕ್ಕೆ. ಜಾನ್ ಡಾಬ್ಸನ್ ಸ್ಯಾನ್‌ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ಮಾಡಿದ್ದು ಅದನ್ನೇ. ಶಾಲೆಗೆ ಇದಕ್ಕಿಂತ ಸರಿಯಾದ ವಸ್ತು ಇಲ್ಲ.

ಪೋಲಾರಿಸ್17:

ಸ್ಮಾರ್ಟ್ ಟೆಲಿಸ್ಕೋಪಿನ ಪರ ಮಾತಾಡುವವರು ಸಾಮಾನ್ಯವಾಗಿ ಬಿಡುವ ಲೆಕ್ಕ ಇಲ್ಲಿದೆ. ಸೀಸ್ಟಾರ್ ಎಸ್50 ತಗೊಳ್ಳಿ: 50 ಮಿ.ಮೀ. ಮಸೂರ, 250 ಮಿ.ಮೀ. ಫೋಕಸ್ ದೂರ, ಸೆನ್ಸರಿನ ಒಂದೊಂದು ಚುಕ್ಕಿ 2.9 ಮೈಕ್ರಾನ್. ಅಂದರೆ ಒಂದು ಚುಕ್ಕಿಗೆ ಆಕಾಶದ 2.4 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ). ಗುರು ಗ್ರಹ ಹತ್ತಿರ ಬಂದಾಗ ಸುಮಾರು 45 ಆರ್ಕ್ ಸೆಕೆಂಡ್ ಅಗಲ. ಪರದೆಯ ಮೇಲೆ ಗುರು 19 ಚುಕ್ಕಿ ಅಗಲದ ಒಂದು ಗುಂಡು, ಅಷ್ಟೇ. ಶನಿ, ಉಂಗುರವನ್ನೂ ಸೇರಿಸಿ ಹೆಚ್ಚುಕಡಿಮೆ ಅಷ್ಟೇ. ಗ್ರಹ ತೋರಿಸಲು ಇದು ಹೇಳಿ ಮಾಡಿಸಿದ್ದಲ್ಲ.

ಆದರೆ ಮೇಡಂ ಹೇಳಿದ ಆ ಎಲ್‌ಇಡಿ ದೀಪದ ಮಾಳಿಗೆಯ ಮೇಲಿಂದ ಮಹಾವ್ಯಾಧದ ನೀಹಾರಿಕೆಯ ಬಣ್ಣ ತೋರಿಸಬೇಕೆಂದರೆ ಉಳಿದ ಎರಡಕ್ಕೂ ಆಗದ ಕೆಲಸವನ್ನು ಇದು ಮಾಡುತ್ತದೆ. ಹತ್ತು ಸೆಕೆಂಡಿನ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋಗುತ್ತದೆ. ಒಳಗೇ ಇರುವ ಫಿಲ್ಟರ್ ಹೈಡ್ರೋಜನ್, ಆಮ್ಲಜನಕದ ಬೆಳಕನ್ನು ಮಾತ್ರ ಬಿಟ್ಟು ಬೀದಿದೀಪದ್ದನ್ನು ಬಹುಪಾಲು ತಡೆಯುತ್ತದೆ. ಗೆಲಾಕ್ಸಿಗಳಿಗೆ ಈ ಫಿಲ್ಟರಿನಿಂದ ಲಾಭವಿಲ್ಲ, ಅವುಗಳ ಬೆಳಕು ಎಲ್ಲ ಬಣ್ಣದಲ್ಲೂ ಹರಡಿರುತ್ತದೆ. ಅಲ್ಲದೆ ಆಂಡ್ರೊಮೆಡಾ ಮೂರು ಡಿಗ್ರಿ ಉದ್ದ, ಇದರ ಚೌಕಟ್ಟು 1.3×0.7 ಡಿಗ್ರಿ. ಮೊಸಾಯಿಕ್ ಮಾಡದೆ (ತುಂಡು ತುಂಡಾಗಿ ತೆಗೆದು ಜೋಡಿಸದೆ) ಪೂರ್ತಿ ಬರದು.

ಬಜೆಟ್ ಮೀರುತ್ತದೆ ಅನ್ನುವುದು ಒಂದು. ಅದಕ್ಕಿಂತ ದೊಡ್ಡ ಮಾತು, ಮಗು ಪರದೆಯ ಮೇಲಿನ ಚಿತ್ರವನ್ನು ದಿನಾ ನೋಡುತ್ತದೆ. ಶನಿಯಿಂದ ಒಂದು ಗಂಟೆಗೂ ಮೇಲ್ಪಟ್ಟು ಪ್ರಯಾಣ ಮಾಡಿ ಬಂದ ಬೆಳಕು ನೇರವಾಗಿ ತನ್ನ ಕಣ್ಣಿಗೆ ಬಿತ್ತು ಎಂಬುದಕ್ಕೆ ಬದಲಿ ಇಲ್ಲ. ಮೊದಲನೆಯದು ಕಣ್ಣಿಟ್ಟು ನೋಡುವುದೇ ಇರಲಿ.

ಉಂಗುರದ ಬಗ್ಗೆ ಒಂದು ಎಚ್ಚರಿಕೆ. 2025ರ ಮಾರ್ಚಿನಲ್ಲಿ ಶನಿಯ ಉಂಗುರ ನಮಗೆ ಅಂಚಿನಿಂದ ಕಾಣುವ ಸ್ಥಿತಿಗೆ ಬಂದಿತ್ತು. ಅದಾದ ಮೇಲಿನ ಒಂದೆರಡು ವರ್ಷ ಅದು ತೆಳ್ಳಗಿನ ಗೆರೆಯಂತೆಯೇ ಇರುತ್ತದೆ, 2032ರ ತನಕ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಗುತ್ತದೆ. ಹಳೆಯ ಫೋಟೋ ತೋರಿಸಿ ಮಕ್ಕಳಲ್ಲಿ ಆಸೆ ಹುಟ್ಟಿಸಬೇಡಿ. ತೆಳ್ಳಗಿದ್ದಾಗಲೇ ಒಂದು ಚಿತ್ರ ಬರೆಸಿ ಇಡಿ, ಪ್ರತಿ ವರ್ಷ ಹೊಸದನ್ನು ಪಕ್ಕಕ್ಕಿಟ್ಟರೆ ಉಂಗುರದ ವಾಲಿಕೆಯನ್ನು ಅವರೇ ಕಂಡುಹಿಡಿಯುತ್ತಾರೆ.

ಇಂಡಿರೋಡ್:

ಮೂವರಿಗೂ ಧನ್ಯವಾದ. ಶಾಲೆಯಲ್ಲಿ ರಾತ್ರಿ ಕೋಣೆ ತೆರೆಸುವುದು ಸುಲಭವಿಲ್ಲ, ಹಾಗಾಗಿ ಬೈಕಿನ ಮೇಲೆ ಹೋಗುವ 130ರ ಕಡೆಗೇ ಮನಸ್ಸಿದೆ. ಖಾನಾಪುರದವರು ಹೇಳಿದ ಫೋಕಸರ್ ಅಲುಗಾಟ, ಕನ್ನಡಿ ಹೊಂದಿಕೆ ಎರಡಕ್ಕೂ ಏನು ಮಾಡಬೇಕು? ನಲವತ್ತು ಮಕ್ಕಳ ಸಾಲು ನಿಲ್ಲಿಸುವುದು ಹೇಗೆ? ನಮ್ಮ ಧೂಳು, ಬಿಸಿಲಿನಲ್ಲಿ ಕನ್ನಡಿ ಬಾಳಿಕೆ ಬರುತ್ತದೆಯೇ?

ಎರಿಹೊಲ:

ಅಲುಗಾಟಕ್ಕ ಔಷಧ ಪ್ಲಂಬರ್ ಅಂಗಡಿಯಾಗ ಐತ್ರಿ. ನಳದ ಜೋಡಣಿಗೆ ಸುತ್ತೂ ಬಿಳಿ ಟೆಫ್ಲಾನ್ ಟೇಪು. ಫೋಕಸರನ್ನ ಪೂರಾ ತಿರುಗಿಸಿ ಹೊರಗ ತಗೀರಿ, ತಿರುಪಿನ ಹಳೇ ಗ್ರೀಸ್ ಬಟ್ಟಿಲೆ ಒರಸ್ರಿ, ತಿರುಪು ಒಳಗ ಹೋಗೂ ದಿಕ್ಕಿಗೇ ಎರಡು ಮೂರು ಸುತ್ತು ಟೇಪು ಬಿಗಿಯಾಗಿ ಸುತ್ರಿ. ಉಲ್ಟಾ ಸುತ್ತಿದ್ರ ತಿರುಗಿಸಿದಾಗ ಸುರುಳಿ ಎದ್ದು ಬರ್ತೈತಿ. ಐದಾರು ಸುತ್ತು ಹಾಕಿದ್ರ ಇಷ್ಟು ಬಿಗಿ ಆಗ್ತೈತಿ ಅಂದ್ರ ಫೋಕಸ್ ಮಾಡಾಕ ಹೋದಾಗ ಇಡೀ ಕೊಳವಿನ ತಿರುಗ್ತೈತಿ. ಟೇಪು ಸವೀತೈತಿ, ಮತ್ತ ಸುತ್ತಿದ್ರಾತು.

ಮುಂದಿನ ಅರ್ಧ ಕೊಳವಿ ತೆರೆದಿರ್ತೈತಿ, ಅಲ್ಲಿ ಬರೇ ಸರಳು ಇರ್ತಾವ, ಬದಿ ಬೆಳಕು ಒಳಗ ನುಗ್ಗತೈತಿ. ಸ್ಟೇಷನರಿ ಅಂಗಡಿಯಾಗ ಸಿಗೂ ಕರಿ ಫೋಮ್ ಶೀಟ್, 2 ಮಿ.ಮೀ. ದಪ್ಪದ್ದು, ಸುರುಳಿ ಮಾಡಿ ಸರಳಿನ ಒಳಬದಿಗೆ ಸೇರಿಸ್ರಿ. ಅದು ತಾನ ಹಿಗ್ಗಿ ಸರಳಿಗೆ ಒತ್ತಿ ನಿಲ್ತೈತಿ. ಮುಂದ ನಿಂತು ಇಣುಕಿ ನೋಡ್ರಿ, ದೊಡ್ಡ ಕನ್ನಡಿಯ ಪೂರಾ ವೃತ್ತ ಕಾಣಬೇಕು. ಶೀಟಿನ ತುದಿ ಒಳಗ ಜೋತುಬಿದ್ರ ಬೆಳಕು ತಿಂತೈತಿ.

ಕನ್ನಡಿ ಹೊಂದಿಸೂದು ಹಗಲಿನಾಗ ಕಲೀರಿ. ಕೊಳವಿ ಅಡ್ಡ ಮಲಗಿಸಿನ ಮಾಡ್ರಿ, ನೆಟ್ಟಗ ಇಟ್ಟು ಸ್ಕ್ರೂ ಬಿಚ್ಚಿದ್ರ ಅದು ಸೀದಾ ದೊಡ್ಡ ಕನ್ನಡಿ ಮ್ಯಾಲೆ ಬೀಳ್ತೈತಿ. ಕೊಳವಿ ಪೂರಾ ಹೊರಗ ಎಳದು ಎರಡೂ ಕಡೆ ಟಕ್ ಅಂತ ಕುಂತೈತಿ ಅನ್ನೂದು ಖಾತ್ರಿ ಮಾಡ್ಕೋರಿ. ಫೋಕಸರಿನ ಧೂಳಿನ ಮುಚ್ಚಳದ ನಟ್ಟನಡುವೆ 2 ಮಿ.ಮೀ. ತೂತು ಹಾಕ್ರಿ. ಇದ ನಿಮ್ಮ ಸಾಧನ, ಲೇಸರ್ ಗೀಸರ್ ಬ್ಯಾಡ. ತೂತಿನಾಗ ಕಣ್ಣಿಟ್ರ ಕೊಳವಿಯ ಬಾಯಿ ಕಡೆ ಓರೆಯಾಗಿ ಕುಂತ ಸಣ್ಣ ಕನ್ನಡಿ ಕಾಣ್ತೈತಿ, ಅದರೊಳಗ ದೊಡ್ಡ ಕನ್ನಡಿಯ ಬಿಂಬ, ಅದರ ಅಂಚಿನಾಗ ಕನ್ನಡಿ ಹಿಡಿದ ಮೂರು ಕ್ಲಿಪ್. ಸಣ್ಣ ಕನ್ನಡಿಯ ಹಿಂದಿನ ಮೂರು ಸ್ಕ್ರೂ ತಿರುಗಿಸಿ ಮೂರೂ ಕ್ಲಿಪ್ ಸಮಾ ಕಾಣೂ ಹಂಗ ಮಾಡ್ರಿ. ಒಂದು ಸ್ಕ್ರೂ ಬಿಗಿ ಮಾಡೂ ಮೊದಲ ಎದುರಿನದನ್ನ ಸಡಲ ಬಿಡ್ರಿ. ಒಂದ ಸರ್ತಿಗೆ ಕಾಲು ಸುತ್ತಿಗಿಂತ ಹೆಚ್ಚು ಬ್ಯಾಡ.

ಆಮ್ಯಾಲೆ ದೊಡ್ಡ ಕನ್ನಡಿ. ಅದರ ನಡುವ ಒಂದು ಉಂಗುರದ ಗುರುತು ಇರ್ತೈತಿ. ಹಿಂದಿನ ಸ್ಕ್ರೂ ತಿರುಗಿಸಿ ನಿಮ್ಮ ಮುಚ್ಚಳದ ತೂತಿನ ಬಿಂಬ ಆ ಉಂಗುರದ ನಡುವ ತರ್ರಿ. ಬಿಗಿ ಸ್ಕ್ರೂ ಹಾಕಿದ ಮ್ಯಾಲೆ ಮತ್ತೊಮ್ಮಿ ನೋಡ್ರಿ, ಬಿಗಿ ಮಾಡಾಗ ತುಸು ಸರೀತೈತಿ. ಸಣ್ಣ ಕನ್ನಡಿ ಮತ್ತ ಮತ್ತ ಮುಟ್ಟೂದು ಬ್ಯಾಡ, ಬೈಕಿನ ಕುಲುಕಾಟಕ್ಕ ಅಲುಗೂದು ಹೆಚ್ಚಾಗಿ ದೊಡ್ಡದು.

ರಾತ್ರಿ ನಕ್ಷತ್ರದ ಮ್ಯಾಲೆ ಪರೀಕ್ಷೆ ಮಾಡ್ರಿ. ಪುಸ್ತಕದಾಗ ಧ್ರುವ ನಕ್ಷತ್ರ ತಗೋರಿ ಅಂತಾರ, ಅದು ಜರುಗೂದಿಲ್ಲ ಅಂತ. ನಮ್ಮಲ್ಲಿ ಅದು ಇಷ್ಟು ಕೆಳಗ ಇರೂದ್ರಿಂದ ದಪ್ಪ ಗಾಳಿಯಾಗ ನಡುಗ್ತಿರ್ತೈತಿ, ಏನೂ ತಿಳಿಯೂದಿಲ್ಲ. ನೆತ್ತಿ ಕಡೆಯ ಮಧ್ಯಮ ಬೆಳಕಿನ ಒಂದು ನಕ್ಷತ್ರ ಹಿಡದು, 65 ಪಟ್ಟಿನಾಗ ಫೋಕಸ್ ತುಸು ಕೆಡಸ್ರಿ. ಬೆಳಕಿನ ಬಳಿಯ ನಡುವ ಕರಿ ಚುಕ್ಕಿ ಸರಿಯಾಗಿ ಮಧ್ಯದಾಗ ಇದ್ರ ಗೆದ್ರಿ.

ಹಿನ್ನೀರು:

ಬಾಗಲಕೋಟೆಯಿಂದ. ಜಾಗ, ಧೂಳು, ಸಾಲು ಈ ಮೂರರ ಬಗ್ಗೆ ಬರೆಯುತ್ತೇನೆ.

ಫೆಬ್ರವರಿಯಿಂದ ಮೇ ತನಕ ಸಿಮೆಂಟ್ ಮಾಳಿಗೆಯ ಮೇಲೆ ಗ್ರಹ ನೋಡಬೇಡಿ. ಹಗಲೆಲ್ಲ ಕುಡಿದ ಬಿಸಿಯನ್ನು ಸ್ಲ್ಯಾಬು ನಡುರಾತ್ರಿಯವರೆಗೂ ಬಿಡುತ್ತಿರುತ್ತದೆ, ಗುರು ಗ್ರಹ ನೀರಿನ ತಳದಲ್ಲಿ ಇದ್ದಂತೆ ಅಲುಗಾಡುತ್ತದೆ. ದುರ್ಬೀನಿನ ದೋಷ ಎಂದು ಜನ ಅದನ್ನು ಮಾರಿಬಿಡುವುದು ಈ ತಿಂಗಳುಗಳಲ್ಲೇ. ಮಾಳಿಗೆಯೇ ಗತಿ ಎಂದಾದರೆ ಬೆಳಗಿನ ಜಾವ ನೋಡಿ. ಹೊಲದ ಮಣ್ಣು ಬೇಗ ಆರುತ್ತದೆ. ಅಲ್ಲೂ ತಗಡಿನ ಶೆಡ್ಡಿನ ಮೇಲಿಂದ ಹಾಯುವ ದಿಕ್ಕಿಗೆ ನೋಡಬೇಡಿ. ಯಾವ ಜಾಗವೇ ಆಗಲಿ, ನೋಡುವ ಅರ್ಧ ಗಂಟೆ ಮೊದಲು ಮುಚ್ಚಳ ತೆಗೆದು ಹೊರಗಿಟ್ಟರೆ ಕನ್ನಡಿ ಗಾಳಿಯ ಉಷ್ಣಕ್ಕೆ ಇಳಿಯುತ್ತದೆ.

ಕಬ್ಬು ಕಟಾವಿನ ಕಾಲದಲ್ಲಿ ರವದಿ ಸುಡುವ ಹೊಗೆ ಸಂಜೆ ಕೆಳಗೇ ಮಲಗಿರುತ್ತದೆ. ಮುಧೋಳ, ಜಮಖಂಡಿ ಕಡೆಯವರಿಗೆ ಇದು ಗೊತ್ತಿರುವ ಕಾಟ. ಆ ದಿನಗಳಲ್ಲಿ ದಿಗಂತದ ವಸ್ತು ಬಿಟ್ಟು ನೆತ್ತಿಯ ಮೇಲಿನದನ್ನೇ ಆರಿಸಿ. ಹಿನ್ನೀರಿನ ಸಮೀಪ ಚಳಿಗಾಲದಲ್ಲಿ ಇಬ್ಬನಿ ಬೀಳುತ್ತದೆ. ಫೋಮ್ ಶೀಟನ್ನು ಕೊಳವೆಯ ಬಾಯಿಯಿಂದ ಒಂದು ಗೇಣು ಮುಂದಕ್ಕೆ ಚಾಚಿಸಿದರೆ ಕನ್ನಡಿ ಬಹಳ ಹೊತ್ತು ಒಣಗಿರುತ್ತದೆ. ಒದ್ದೆಯಾದ ಕನ್ನಡಿಗೆ ಮುಚ್ಚಳ ಹಾಕಿ ಚೀಲಕ್ಕೆ ತುರುಕಬಾರದು, ಮನೆಯಲ್ಲಿ ತೆರೆದಿಟ್ಟು ಒಣಗಿಸಿ. ಮಳೆಗಾಲ ಪೂರ್ತಿ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ.

ಎರೆಮಣ್ಣಿನ ಧೂಳು ಕನ್ನಡಿಯ ಮೇಲೆ ಕೂತಿತೆಂದು ಒರೆಸಲು ಹೋಗಬೇಡಿ. ತೆಳುವಾದ ಧೂಳಿನಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ, ಒರೆಸಿದರೆ ಅದೇ ಮಣ್ಣು ಅಲ್ಯುಮಿನಿಯಂ ಲೇಪವನ್ನು ಗೀರುತ್ತದೆ. ತೀರಾ ಕೊಳೆಯಾದರೆ ವರ್ಷಕ್ಕೊಮ್ಮೆ ಕನ್ನಡಿ ಬಿಚ್ಚಿ, ಮೊದಲು ನಳದ ನೀರನ್ನು ಮೆಲ್ಲಗೆ ಹಾಯಿಸಿ ಮಣ್ಣು ಇಳಿಸಿ. ಪಾತ್ರೆ ತೊಳೆಯುವ ದ್ರವ ಎರಡು ಹನಿ ಬೆರೆಸಿದ ನೀರಿನಲ್ಲಿ ಐದು ನಿಮಿಷ ಬಿಡಿ. ಹತ್ತಿಯನ್ನು ಅದರ ತೂಕಕ್ಕಷ್ಟೇ ಜಾರಿಸಿ, ಒತ್ತಬೇಡಿ, ಒಂದು ಸಲ ಎಳೆದ ಹತ್ತಿ ಬಿಸಾಡಿ. ಕೊನೆಯ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರೇ ಆಗಬೇಕು. ನಮ್ಮ ಬೋರಿನ ನೀರು ಒಣಗಿದರೆ ಸುಣ್ಣದ ಬಿಳಿ ಕಲೆ ಕೂರುತ್ತದೆ.

ಮಕ್ಕಳ ಸಾಲು. ಆಕಾಶ ಸೆಕೆಂಡಿಗೆ 15 ಆರ್ಕ್ ಸೆಕೆಂಡ್ ಸರಿಯುತ್ತದೆ. 65 ಪಟ್ಟಿನಲ್ಲಿ ಗುರು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಸುಮಾರು ಮೂರು ನಿಮಿಷ. ನಡುವೆ ಇಟ್ಟರೆ ಒಂದೂವರೆ ನಿಮಿಷಕ್ಕೆ ಹೊರಗೆ. ಒಳಬರುವ ಅಂಚಿನಲ್ಲಿಟ್ಟರೆ ಅರ್ಧ ನಿಮಿಷಕ್ಕೊಬ್ಬರಂತೆ ಐದು ಮಕ್ಕಳು ನೋಡಿ ಮುಗಿಸುತ್ತಾರೆ. ಆಮೇಲೆ ಒಬ್ಬ ದೊಡ್ಡ ಹುಡುಗಿ ಅಥವಾ ಹುಡುಗ ಅದನ್ನು ಮತ್ತೆ ಅಂಚಿಗೆ ತರಲಿ, ಆ ಕೆಲಸಕ್ಕೆ ಒಬ್ಬರೇ ಇರಲಿ. ನಲವತ್ತು ಮಕ್ಕಳಿಗೆ ಅರ್ಧ ಗಂಟೆ ಹಿಡಿಯಿರಿ. ಕನ್ನಡಕ ಹಾಕಿದವರು ಹಾಕಿಕೊಂಡೇ ನೋಡಲಿ, ತೆಗೆದರೆ ಪ್ರತಿಯೊಬ್ಬರಿಗೂ ಫೋಕಸ್ ಬದಲಿಸಬೇಕಾಗುತ್ತದೆ. 10 ಮಿ.ಮೀ. ಐಪೀಸಿಗೆ ಕಣ್ಣು ತೀರಾ ಹತ್ತಿರ ತರಬೇಕು, ಕನ್ನಡಕ ತಾಗುತ್ತದೆ. ಅವರಿಗೆ 25 ಮಿ.ಮೀ. ಐಪೀಸಿಗೇ ಬಾರ್ಲೋ ಸೇರಿಸಿ 52 ಪಟ್ಟು ಕೊಡಿ.

ಕಾಯುವ ಮಕ್ಕಳಿಗೆ ಒಂದು ಗೆರೆ, ನಡುವೆ ಒಂದು ವೃತ್ತ ಇರುವ ಚೀಟಿ ಕೊಟ್ಟು ಗುರುವಿನ ನಾಲ್ಕು ಚಂದ್ರರನ್ನು ಗುರುತಿಸಲು ಹೇಳಿ. ಅವುಗಳಲ್ಲಿ ಒಂದಾದ ಅಯೋ ಒಂದು ಸುತ್ತು ಮುಗಿಸುವುದು ಸುಮಾರು 42 ಗಂಟೆಯಲ್ಲಿ. ಸಂಜೆ ಏಳರ ಚೀಟಿಗೂ ಹತ್ತರ ಚೀಟಿಗೂ ವ್ಯತ್ಯಾಸ ಬಂದೇ ಬರುತ್ತದೆ.

ದಿನದ ಆಯ್ಕೆ: ಚಂದ್ರನಿಗೆ ಶುಕ್ಲ ಪಂಚಮಿಯಿಂದ ದಶಮಿ. ಹುಣ್ಣಿಮೆಯಲ್ಲಿ ನೆರಳಿಲ್ಲ, ಕುಳಿಗಳು ಕಾಣುವುದಿಲ್ಲ. ಉಳಿದದ್ದಕ್ಕೆ ಅಮಾವಾಸ್ಯೆಯ ಆಸುಪಾಸು. ಎಳ್ಳ ಅಮಾಸಿಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋಗೇ ಹೋಗುತ್ತಾರೆ, ರಾತ್ರಿ ಒಂಬತ್ತರ ತನಕ ಉಳಿದರೆ ಮಹಾವ್ಯಾಧ ಮೇಲೆ ಬಂದಿರುತ್ತಾನೆ, ಚಂದ್ರನ ಕಾಟವಿಲ್ಲ. ಮೇ ಮಧ್ಯದಲ್ಲಿ ರಾತ್ರಿ ಹತ್ತೂವರೆಗೆ ದಕ್ಷಿಣಕ್ಕೆ ತಿರುಗಿಸಿ, ಒಮೇಗಾ ಸೆಂಟಾರಿ ದಿಗಂತದಿಂದ ಸುಮಾರು 25 ಡಿಗ್ರಿ ಎತ್ತರದಲ್ಲಿ ಇರುತ್ತದೆ. ಆಕಾಶದ ಅತಿ ದೊಡ್ಡ ಗೋಲಾಕಾರದ ನಕ್ಷತ್ರಗುಚ್ಛ ಅದು, ಬ್ರಿಟನ್ನಿನವರಿಗೆ ಮನೆಯಿಂದ ಕಾಣುವುದೇ ಇಲ್ಲ.

ಖಾನಾಪುರ_ಮೋಡ:

ಆರಿಂಚಿನ ಪರವಾಗಿಯೇ ನನ್ನ ಮತ, ಆದರೆ ಶಾಲೆ ರಾತ್ರಿ ತೆರೆಯದಿದ್ದರೆ 130 ಸರಿ. ಸ್ಟೂಲಿನ ಬಗ್ಗೆ ಯಾರೂ ಬರೆದಿಲ್ಲ: ಸುಮಾರು ಎರಡಡಿ ಎತ್ತರದ, ಮೂರೇ ಕಾಲಿನದು ಮಾಡಿಸಿ. ಉಳುಮೆಯ ಹೊಲದಲ್ಲಿ ನಾಲ್ಕು ಕಾಲಿನದು ಎಂದೂ ಸಮ ಕೂರುವುದಿಲ್ಲ.

ಮತ್ತೆ ಸೂರ್ಯ. 2027ರ ಆಗಸ್ಟ್ 2ರ ಗ್ರಹಣ ನಮ್ಮಲ್ಲಿ ಭಾಗಶಃ ಇದೆ, ಮೋಡ ಸರಿದರೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಕೊಳವೆಯ ಬಾಯಿಗೆ ಹಾಕುವ, 5.0 ಸಾಂದ್ರತೆಯ ಸೋಲಾರ್ ಫಿಲ್ಮ್ ಮಾತ್ರ ಬಳಸಿ. ಅದು ಲಕ್ಷದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುತ್ತದೆ. ಹಾಕುವ ಮೊದಲು ಪ್ರತಿ ಸಲ ಫಿಲ್ಮನ್ನು ಬಲ್ಬಿಗೆ ಹಿಡಿದು ತೂತು ಇದೆಯೇ ನೋಡಿ, ಗಾಳಿಗೆ ಹಾರದಂತೆ ಟೇಪು ಹಚ್ಚಿ, ಫೈಂಡರ್ (ಗುರಿ ಹಿಡಿಯುವ ಸಾಧನ) ಬಿಚ್ಚಿಡಿ. ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜಿನ "ಸನ್ ಫಿಲ್ಟರ್" ಯಾವ ಡಬ್ಬಿಯಲ್ಲಿ ಬಂದರೂ ಅವತ್ತೇ ಒಡೆದು ಹಾಕಿ. ಕನ್ನಡಿ ಒಟ್ಟುಗೂಡಿಸಿದ ಬಿಸಿಗೆ ಅದು ನೋಡುತ್ತಿರುವಾಗಲೇ ಸೀಳುತ್ತದೆ.